ಶ್ಯಾಮಣ್ಣನವರ ಮುಖಭಂಗ

ನಮ್ಮ ಪಟ್ಟಂದೂರು ಅಗ್ರಹಾರಕ್ಕೆ ‘ಮುಖಭಂಗ’ ಎಂಬ ಮಾತನ್ನು ತಂದ ಕೀರ್ತಿ ಶ್ಯಾಮಣ್ಣನವರಿಗೇ ಸಲ್ಲಬೇಕು. ಅವರಿಗಿಂತ ಮೊದಲು ನಮ್ಮಲ್ಲಿ ಮಾನ ಹೋಗುತ್ತಿತ್ತು, ಮರ್ಯಾದೆ ಹರಾಜಾಗುತ್ತಿತ್ತು, ಕೆಲವರಿಗೆ ತಲೆ ಎತ್ತಿಕೊಂಡು ಓಡಾಡುವುದು ಕಷ್ಟವಾಗುತ್ತಿತ್ತು. ಆದರೆ ಮುಖಭಂಗ ಮಾತ್ರ ಯಾರಿಗೂ ಆಗಿರಲಿಲ್ಲ. ಅದು ಟೀವಿಯಲ್ಲಿ ಆಗುವಂಥದ್ದು. ಉಪಚುನಾವಣೆಯಲ್ಲಿ ಸೋತ ಪಕ್ಷಕ್ಕೆ, ಟಿಕೆಟ್ಟು ಸಿಗದ ನಾಯಕರಿಗೆ ಆಗುವಂಥದ್ದು. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ‘ಭಾರೀ ಮುಖಭಂಗ’ ಎಂದು ಹರಿದು ಹೋಗುವಾಗ ಶ್ಯಾಮಣ್ಣ ಮುದ್ದೆ ಮುರಿಯುವ ಕೈಯನ್ನು ತಡೆದು ಓದುತ್ತಿದ್ದರು. ಅದು ದೊಡ್ಡವರಿಗೆ ಮಾತ್ರ ಆಗುತ್ತದೆ ಎಂಬುದು ಅವರಿಗೆ ಮನದಟ್ಟಾಗಿತ್ತು.

ಶ್ಯಾಮಣ್ಣ ದೊಡ್ಡವರೇ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಐಟಿ ಪಾರ್ಕಿನ ಹಿಂಬದಿ ಗೇಟಿದೆ. ಉಳಿದ ಚೂರು ಜಾಗದಲ್ಲಿ ಶೀಟು ಹೊದಿಸಿದ ರೂಮುಗಳ ವಠಾರ ಕಟ್ಟಿಸಿ, ಕೊಪ್ಪಳ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ ಕೊಟ್ಟಿದ್ದರು. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಬರತೊಡಗಿದ ಮೇಲೆ ನೀರಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಬೆಳಿಗ್ಗೆ ಒಂದಿಷ್ಟು ಹೊತ್ತು ಮಾತ್ರ ನಲ್ಲಿ ಬಿಡುತ್ತಿದ್ದರು. ವಠಾರದ ಎದುರಿಗೇ ನನ್ನ ಝೆರಾಕ್ಸ್ ಅಂಗಡಿ. ಹಾಗಾಗಿ ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ಕರೆಂಟು ಹೋದಾಗ ನನಗೆ ಎದುರು ನೋಡುತ್ತ ಕೂರುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ, 2012ರ ಆ ಬೇಸಿಗೆಯಲ್ಲಿ ಕರೆಂಟು ಇದ್ದದ್ದೇ ಅಪರೂಪ.

ಮುಖಭಂಗ ಶುರುವಾದದ್ದು ಕಾಲಿನಿಂದ. ಶ್ಯಾಮಣ್ಣನವರಿಗೆ ಸಕ್ಕರೆ ಕಾಯಿಲೆ ಕಂಡಿದ್ದರಿಂದ ಅಳಿಯ ವಸಂತ್ ಮಾಲಿನಲ್ಲಿ ಬಿಳೀ ಸ್ಪೋರ್ಟ್ಸ್ ಶೂ ಕೊಡಿಸಿ, ದಿನಾ ನಡೆಯಿರಿ ಎಂದಿದ್ದ. ಶ್ಯಾಮಣ್ಣ ಅದನ್ನು ನಡೆಯುವುದಕ್ಕೆ ಮಾತ್ರ ಎಂದು ತಿಳಿಯಲಿಲ್ಲ. ಪಂಚೆಯ ಕೆಳಗೆ ಶೂ ಹಾಕಿಕೊಂಡು ಸೊಸೈಟಿಗೆ ಹೋದರು, ಸಾವಿನ ಮನೆಗೆ ಹೋದರು, ಬಾಡಿಗೆ ವಸೂಲಿಗಂತೂ ಅದಿಲ್ಲದೆ ಹೋಗುತ್ತಲೇ ಇರಲಿಲ್ಲ. ಶೂ ಜೊತೆ ಪುಕ್ಕಟೆ ಬಂದಿದ್ದ ಕಾಲುಚೀಲ ಒಂದೇ ಜೊತೆ. ಅದು ಯುಗಾದಿಯ ಹೊತ್ತಿಗೇ ಸುಸ್ತಾಗಿತ್ತು. ಅವರ ಹೆಂಡತಿ ನಾಗಲಕ್ಷ್ಮಮ್ಮ ಎಸೆಯಿರಿ ಅಂದರೆ, ಶೂ ಒಳಗಿರೋದನ್ನ ಯಾರು ನೋಡ್ತಾರೆ ಎಂದು ಶ್ಯಾಮಣ್ಣ ಸುಮ್ಮನಾಗಿಸಿದ್ದರು.

ವಠಾರದ ಮೊದಲ ರೂಮಿನಲ್ಲಿದ್ದವನು ಗಾರೆ ಮೇಸ್ತ್ರಿ ಭರಮಪ್ಪ. ಅವನು, ಹೆಂಡತಿ ಚನ್ನಕ್ಕ, ಅಪ್ಪ ಬಸಲಿಂಗಪ್ಪ, ಹೊಸದಾಗಿ ಹುಟ್ಟಿದ ಹೆಣ್ಣು ಕೂಸು. ಸೈಟಿನಲ್ಲಿ ಸ್ಲ್ಯಾಬ್ ಹಾಕುವ ಸಮಯವಾದ್ದರಿಂದ ಊರಿಗೆ ಹೋಗಲು ರಜೆ ಸಿಗದೆ, ತೊಟ್ಟಿಲಿಗೆ ಹಾಕುವ ಕಾರ್ಯವನ್ನು ವಠಾರದ ಅಂಗಳದಲ್ಲೇ ಇಟ್ಟುಕೊಂಡರು. ಸೈಟಿನ ಬಡಗಿ ಸೆಂಟ್ರಿಂಗ್ ಹಲಗೆಯಲ್ಲಿ ತೊಟ್ಟಿಲು ಮಾಡಿಕೊಟ್ಟ. ಮುದುಕ ಬಸಲಿಂಗಪ್ಪ ತಾನೇ ಬಂದು ಶ್ಯಾಮಣ್ಣ ದಂಪತಿಗಳನ್ನು ಕರೆದ. ಧಣ್ಯಾರು ಬಂದು ಹರಸದೆ ತೊಟ್ಟಿಲು ತೂಗುವುದಿಲ್ಲ ಎಂದ. ಆ ಮಾತು ಶ್ಯಾಮಣ್ಣನವರಿಗೆ ಹಿಡಿಸಿತು. ಮುಖ್ಯ ಅತಿಥಿ ಎಂಬುದನ್ನೂ ಅವರು ಟೀವಿಯಲ್ಲಿ ನೋಡಿದ್ದರು.

ಅವತ್ತು ಅವರು ಗರಿಗರಿ ಪಂಚೆ, ಬಿಳೀ ಷರಟು, ಬಿಳೀ ಶೂನಲ್ಲಿ ಬಂದರು. ಅಂಗಳದಲ್ಲಿ ಜನ ತುಂಬಿದ್ದರು. ನಾನೂ ಅಂಗಡಿಗೆ ಅರ್ಧ ಶಟರ್ ಎಳೆದು ಹೋಗಿದ್ದೆ. ಶ್ಯಾಮಣ್ಣನವರ ಯೋಜನೆ ಸರಳವಾಗಿತ್ತು: ನಿಂತುಕೊಂಡೇ ಹರಸುವುದು, ಕುರ್ಚಿಯ ಮೇಲೆ ಕೂತು ಊಟ ಮಾಡುವುದು, ಹೊರಡುವುದು. ಆದರೆ ಬಾಗಿಲ ಬಳಿ ಬಸಲಿಂಗಪ್ಪ ತುಂಬಿದ ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದ.

“ಬರ್ರಿ ಧಣ್ಯಾರ, ಕಾಲಿಗೆ ನೀರ ತಗೋರಿ,” ಅಂದ.

ಶ್ಯಾಮಣ್ಣ ತಂಬಿಗೆ ನೋಡಿದರು, ತಮ್ಮ ಶೂ ನೋಡಿದರು. ಆ ಬೆಳಿಗ್ಗೆ ತಾನೇ ಅವರು ನಲ್ಲಿ ಬೇಗ ನಿಲ್ಲಿಸಿ, ನೀರು ಪೋಲು ಮಾಡುತ್ತೀರಿ ಎಂದು ಇಡೀ ವಠಾರಕ್ಕೆ ಕೇಳುವಂತೆ ಗದರಿದ್ದರು. ಈಗ ಅದೇ ನೀರನ್ನು ತುಂಬಿಸಿ ಎದುರಿಗೆ ಹಿಡಿದಿದ್ದಾರೆ, ಅದೂ ಕಾಲಿಗೆ. ಇದು ಕುಹಕವೋ ಮರ್ಯಾದೆಯೋ ತೀರ್ಮಾನಿಸುವಷ್ಟು ಸಮಯವಿರಲಿಲ್ಲ, ಎಲ್ಲರೂ ಅವರ ಕಾಲನ್ನೇ ನೋಡುತ್ತಿದ್ದರು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಅವರು ಕೂತು ಲೇಸು ಬಿಚ್ಚಿ ಬಲಗಾಲಿನ ಶೂ ಎಳೆದರು. ಕಾಲುಚೀಲದ ತುದಿಯಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದು ನಿಂತಿತು.

ಅದೇ ಕ್ಷಣದಲ್ಲಿ ಬಸಲಿಂಗಪ್ಪ ಸರ್ರನೆ ಅವರಿಗೆ ಬೆನ್ನು ತಿರುಗಿಸಿ, “ಎಲ್ಲಾರೂ ತೊಟ್ಲಾ ಕಡೆ ತಿರಗ್ರಿ, ಕೂಸು ನಗಾಕ ಹತ್ತೈತಿ,” ಎಂದು ಕೂಗಿದ. ಅಂಗಳಕ್ಕೆ ಅಂಗಳವೇ ತಿರುಗಿತು. ನಾನೂ ತಿರುಗಿದೆ. ಕೂಸು ನಗುತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು, ಮುಖ್ಯ ಅತಿಥಿಗಳು ಲೇಸು ಕಟ್ಟದೆಯೇ ಬೀದಿಯ ತಿರುವು ದಾಟಿದ್ದರು. ಹೆಬ್ಬೆರಳಿನ ವಿಷಯ ನಮಗೆ ಯಾರಿಗೂ ಆಗ ಗೊತ್ತಿರಲಿಲ್ಲ. ಅದು ಆಮೇಲೆ ತಿಳಿದದ್ದು.

ಮನೆಯಲ್ಲಿ ಶ್ಯಾಮಣ್ಣನವರಿಗೆ ಊಟವೂ ಇರಲಿಲ್ಲ, ಕಾರ್ಯದ ಮನೆಯ ಊಟ ಇದೆಯೆಂದು ಅವತ್ತು ಒಲೆ ಹಚ್ಚಿರಲಿಲ್ಲ. ಹಿಂದಿನಿಂದ ಹೋಗಿದ್ದ ನಾಗಲಕ್ಷ್ಮಮ್ಮ ಮಾತ್ರ ಕಾಲು ತೊಳೆದು, ಗೋಧಿ ಹುಗ್ಗಿ ಎರಡು ಸಲ ಹಾಕಿಸಿಕೊಂಡು, ಉಡಿ ತುಂಬಿಸಿಕೊಂಡು ಸಂಜೆ ಬಂದರು. ಅವರು ಬರುವಷ್ಟರಲ್ಲಿ ಹಸಿದ ಹೊಟ್ಟೆಯಲ್ಲಿ ಶ್ಯಾಮಣ್ಣ ಒಂದು ತೀರ್ಮಾನಕ್ಕೆ ಬಂದಿದ್ದರು. ನೀರು ಕೊಟ್ಟು ಅಣಕಿಸಿದ್ದಾರೆ, ಬೆನ್ನು ತೋರಿಸಿ ತಿರಸ್ಕರಿಸಿದ್ದಾರೆ. ತಮಗೆ ಆಗಿರುವುದು ಮುಖಭಂಗ. ನಾಗಲಕ್ಷ್ಮಮ್ಮ, ನಿಮ್ಮಮ್ಮ ಇರೋ ತನಕ ನಮ್ಮ ಬಾಗಿಲಲ್ಲೂ ಬಂದೋರಿಗೆ ಕಾಲಿಗೆ ನೀರು ಕೊಡ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಅದು ಬೇರೆ ಕಾಲ ಎಂದರು ಶ್ಯಾಮಣ್ಣ. ಬೆರಳಿನ ಸುದ್ದಿಯನ್ನು ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಯುಗಾದಿಯಿಂದ ಹೇಳುತ್ತಿದ್ದ ಮಾತಿನಲ್ಲಿ ಆಕೆ ಗೆದ್ದಂತಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ನನ್ನ ಅಂಗಡಿ ಮುಂದಿನ ಬೆಂಚಿಗೆ ಬಂದರು. ಅಲ್ಲಿ ಪಂಚಾಕ್ಷರಿ ಮೇಷ್ಟ್ರು ಟೀ ಕುಡಿಯುತ್ತಿದ್ದರು.

“ಮೇಷ್ಟ್ರೇ, ನಂಗೆ ಮುಖಭಂಗ ಆಗೈತೆ,” ಅಂದರು ಶ್ಯಾಮಣ್ಣ.

ಮೇಷ್ಟ್ರು ಲೋಟ ಕೆಳಗಿಟ್ಟರು. ನಿವೃತ್ತರಾದ ಮೇಲೆ ಅವರ ಮುಂದೆ ಯಾರೂ ಇಂಥ ಪದ ಬಳಸಿರಲಿಲ್ಲ. ಅವರು ನಡೆದದ್ದನ್ನು ಕೇಳುವ ಮೊದಲೇ ವಿವರಿಸತೊಡಗಿದರು. ನಾಚಿಕೆ ಎಂಬುದು ಒಬ್ಬನೇ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದಾಗಲೂ ಆಗಬಹುದು. ಅವಮಾನಕ್ಕೆ ಮಾಡುವವನೊಬ್ಬ ಬೇಕು. ಮುಖಭಂಗಕ್ಕೆ ಅದೆಲ್ಲ ಸಾಲದು. ಮನುಷ್ಯ ಮುಖ ಎತ್ತಿಕೊಂಡು ಹೋಗಿರಬೇಕು, ಅಂದುಕೊಂಡದ್ದು ಆಗಬಾರದು, ಅದನ್ನು ನಾಲ್ಕು ಜನ ಕಣ್ಣಾರೆ ನೋಡಿರಬೇಕು. ನಿಮ್ಮದನ್ನ ಯಾರು ನೋಡಿದ್ರು ಎಂದು ಕೇಳಿದರು.

“ಯಾರೂ ನೋಡಲಿಲ್ಲ. ಎಲ್ರೂ ಆ ಕಡೆ ತಿರುಗಿಬಿಟ್ರಲ್ಲ, ಅದೇ ಕಣ್ರೀ ನನ್ ಕಂಪ್ಲೇಂಟು.”

“ಹಾಗಾದ್ರೆ ಅದು ಮುಖಭಂಗ ಅಲ್ಲ ಶ್ಯಾಮಣ್ಣ. ಬರೀ ಬೇಜಾರು.”

ಇದು ಶ್ಯಾಮಣ್ಣನವರನ್ನು ಕೆರಳಿಸಿತು. ತಮ್ಮಂಥವರಿಗೆ ಬರೀ ಬೇಜಾರು ಆಗುವುದೆಂದರೇನು. ಅವತ್ತೇ ಸಾಕ್ಷಿ ಹುಡುಕಲು ಬೀದಿಗಿಳಿದರು. ಹಾಲಿನ ಬೂತಿನವನನ್ನು, ಹೂವಿನ ಗಂಗಮ್ಮನನ್ನು, ಟ್ಯಾಂಕರ್ ಡ್ರೈವರನ್ನು, ನನಗೆ ಮುಖಭಂಗ ಆದದ್ದನ್ನ ನೋಡಿದಿರಾ ಎಂದು ಕೇಳಿದರು. ಅವರ್ಯಾರೂ ಕಾರ್ಯಕ್ಕೇ ಬಂದಿರಲಿಲ್ಲ. ಆದರೆ ಕೇಳಿದ ಮೇಲೆ ಸುಮ್ಮನಿರುವುದು ಮನುಷ್ಯರಿಗೆ ಆಗದ ಕೆಲಸ. ಸಂಜೆಯ ಹೊತ್ತಿಗೆ ಊರಿಗೆಲ್ಲ ಒಂದು ವಿಷಯ ಖಚಿತವಾಗಿ ಗೊತ್ತಾಗಿತ್ತು: ಶ್ಯಾಮಣ್ಣನಿಗೆ ಏನೋ ಆಗಿದೆ. ಏನು ಎಂಬುದು ಬಿಟ್ಟಸ್ಥಳವಾಗಿತ್ತು, ಅದನ್ನು ತಮತಮಗೆ ತೋಚಿದಂತೆ ಜನ ತುಂಬಿಕೊಂಡರು. ಬಾಡಿಗೆಯವರು ಚಪ್ಪಲಿ ತೋರಿಸಿದರಂತೆ ಎಂದು ಹಾಲಿನ ಬೂತಿನಲ್ಲಿ. ವಠಾರ ಒಡೆಯಲು ನೋಟೀಸು ಬಂದಿದೆಯಂತೆ ಎಂದು ಬಸ್‌ಸ್ಟಾಪಿನಲ್ಲಿ. ಹೊಸಕೋಟೆಯ ಅಕ್ಕ ಭಾಗ್ಯಮ್ಮನಿಗೆ ಸುದ್ದಿ ತಲುಪುವಾಗ ತಮ್ಮನ ಮುಖ ಒಂದು ಕಡೆಗೆ ಎಳೆದುಕೊಂಡಿತ್ತು.

ಭಾಗ್ಯಮ್ಮ ಮೊದಲ ಬಸ್ಸಿಗೇ ಬಂದರು, ಲಕ್ವಕ್ಕೆ ಹಚ್ಚುವ ಎಣ್ಣೆ ತಂದಿದ್ದರು. ತಮ್ಮನ ಮುಖ ನೆಟ್ಟಗೇ ಇದ್ದದ್ದು ನೋಡಿ ಸಂತೋಷವಾಯಿತಾದರೂ, ಅಷ್ಟು ದೂರದಿಂದ ತಂದ ಎಣ್ಣೆ ಎಂದು ಹಚ್ಚಿಯೇ ಹಚ್ಚಿದರು. ಅಳಿಯ ವಸಂತ್ ಸೇಬು, ಹಾರ್ಲಿಕ್ಸ್ ತಂದು, ರಿಪೋರ್ಟ್ ಎಲ್ಲಿ ಎಂದು ಕೇಳಿದ. ಮುಖದ ತುಂಬ ಎಣ್ಣೆ ಮೆತ್ತಿಕೊಂಡು ಕೂತ ಶ್ಯಾಮಣ್ಣ ಎಲ್ಲರಿಗೂ ಮೊದಲಿನಿಂದ ಹೇಳಬೇಕಾಯಿತು. ನೀರು ಕೊಟ್ಟರು, ಬೆನ್ನು ತಿರುಗಿಸಿದರು. ಆಮೇಲೆ, ಎಂದು ವಸಂತ್ ಕೇಳಿದ. ಆಮೇಲೆ ಏನೂ ಇಲ್ಲ ಎಂದರು. ಹೇಳಬೇಕಾದದ್ದು ಶೂ ಒಳಗೇ ಉಳಿಯಿತು. ಇಷ್ಟಕ್ಕೆ ರಜೆ ಹಾಕಿ ಬಂದೆನೇ ಎಂಬ ಮುಖ ಮಾಡಿಕೊಂಡು ಅಳಿಯ ಸೇಬಿನಲ್ಲಿ ಒಂದನ್ನು ತಾನೇ ತಿಂದ.

ಮನೆಯಲ್ಲೇ ಬೆಲೆ ಸಿಗದಿದ್ದ ಮೇಲೆ ಸರ್ಕಾರಕ್ಕೆ ಹೋಗುವುದು ಅನಿವಾರ್ಯವಾಯಿತು. ನನ್ನ ಬಳಿ ಸ್ಕೂಟರ್ ಇದ್ದದ್ದರಿಂದ ನಾನೂ ಠಾಣೆಗೆ ಹೋಗಬೇಕಾಯಿತು. ಹೆಡ್ ಕಾನ್‌ಸ್ಟೇಬಲ್ ಪಾಪಯ್ಯ ಪೆನ್ನು ತೆಗೆದು, ಗಂಭೀರವಾಗಿಯೇ ಶುರು ಮಾಡಿದರು.

“ಬೈದ್ರಾ?”

“ಇಲ್ಲ ಸಾರ್.”

“ಹೊಡೆದ್ರಾ?”

“ಇಲ್ಲ ಸಾರ್. ನೀರು ಕೊಟ್ರು.”

“ಬಿಸಿನೀರಾ?”

“ತಣ್ಣೀರು.”

“ಎರಚಿದ್ರಾ?”

“ಕೈಗೆ ಕೊಟ್ರು ಸಾರ್. ಕಾಲು ತೊಳ್ಕೊಳಾಕೆ.”

ಪಾಪಯ್ಯ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ನೋಡಿ ಯಜಮಾನ್ರೇ, ಓನರ್ ನೀರು ಬಿಡ್ತಿಲ್ಲ ಅಂತ ದಿನಾ ಬಾಡಿಗೆಯೋರು ಬರ್ತಾರೆ. ಬಾಡಿಗೆಯೋರು ನೀರು ಕೊಟ್ಬಿಟ್ರು ಅಂತ ಬಂದಿರೋ ಓನರ್ ನೀವೊಬ್ರೇ. ಇದಕ್ಕೆ ಸೆಕ್ಷನ್ ಇಲ್ಲ.”

ವಾಪಸು ಬಂದು ವಠಾರದ ಮುಂದೆ ಸ್ಕೂಟರಿನಿಂದ ಇಳಿದವರೇ ಶ್ಯಾಮಣ್ಣ ನೆಟ್ಟಗೆ ಮೊದಲ ರೂಮಿಗೆ ಹೋಗಿ, ಭಾನುವಾರದೊಳಗೆ ಖಾಲಿ ಮಾಡಿ ಎಂದುಬಿಟ್ಟರು. ಇಲ್ಲವಾದರೆ ಮುದುಕ ಎಲ್ಲರೆದುರು ನಿಂತು, ಯಾಕೆ ಹಾಗೆ ಬೆನ್ನು ತಿರುಗಿಸಿದೆ, ಜನರನ್ನ ಯಾಕೆ ತಿರುಗಿಸಿದೆ ಎಂದು ಹೇಳಬೇಕು. ಹೇಳಿದರೆ ಇರಬಹುದು.

ಇಲ್ಲಿಯವರೆಗೆ ನಕ್ಕಿದ್ದ ನಮಗೆ ಈಗ ನಗು ಬರಲಿಲ್ಲ. ಆ ಬೇಸಿಗೆಯಲ್ಲಿ ಅಗ್ರಹಾರದಲ್ಲಿ ಕೈಗೂಸಿರುವವರಿಗೆ ಯಾರೂ ರೂಮು ಕೊಡುತ್ತಿರಲಿಲ್ಲ, ಬಟ್ಟೆ ಒಗೆಯಲು ನೀರು ಜಾಸ್ತಿ ಬೇಕು ಎಂದು. ಭರಮಪ್ಪ ಸಂಜೆಯೆಲ್ಲ ಬಾಗಿಲು ಬಾಗಿಲಿಗೆ ಹೋಗಿ ಕೇಳಿದ. ಎಲ್ಲೂ ಸಿಗದೆ, ಸೈಟಿನ ತಗಡಿನ ಶೆಡ್ಡಿನಲ್ಲಿ ಇರುತ್ತೇವೆ ಎಂದು ಗುತ್ತಿಗೆದಾರನನ್ನು ಒಪ್ಪಿಸಿದ. ಆ ಬಿಸಿಲಿಗೆ ತಗಡಿನ ಕೆಳಗೆ ಆ ಕೂಸು. ಶ್ಯಾಮಣ್ಣನವರಿಗೂ ಅದು ಕಣ್ಣಿಗೆ ಕಟ್ಟಿರಬೇಕು, ಆ ದಿನಗಳಲ್ಲಿ ನಲ್ಲಿ ನಿಲ್ಲಿಸುವುದನ್ನು ಮರೆಯುತ್ತಿದ್ದರು. ಆದರೆ ಊರಿಗೆಲ್ಲ ಹೇಳಿಕೊಂಡ ಮುಖಭಂಗವನ್ನು ಇನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಭಾನುವಾರ ಅಂಗಳದಲ್ಲಿ ಎಲ್ಲರೂ ಸೇರಿದರು. ಪಂಚಾಕ್ಷರಿ ಮೇಷ್ಟ್ರಿಗೆ ಕುರ್ಚಿ ಹಾಕಿದ್ದರು. ಗಲಾಟೆ ಆದೀತೆಂದು ಪಾಪಯ್ಯನೂ ಬಂದು ಇನ್ನೊಂದು ಕುರ್ಚಿಯಲ್ಲಿ ಕೂತಿದ್ದರು. ಭಾಗ್ಯಮ್ಮ ಎಣ್ಣೆ ಮುಗಿಯುವವರೆಗೆ ಹೋಗುವುದಿಲ್ಲವೆಂದು ಉಳಿದಿದ್ದರು. ಭರಮಪ್ಪನ ಮೂಟೆಗಳು ಹೊರಗೆ ಬಂದಿದ್ದವು. ತೊಟ್ಟಿಲನ್ನೂ ತಂದಿಟ್ಟು, ಅದರೊಳಗೆ ಸ್ಟವ್ವು, ರೊಟ್ಟಿ ಹಂಚು, ತಂಬಿಗೆ ತುಂಬಿದ್ದರು. ಕೂಸು ಚನ್ನಕ್ಕನ ಹೆಗಲ ಮೇಲಿತ್ತು.

ಮೇಷ್ಟ್ರು ಬಸಲಿಂಗಪ್ಪನನ್ನು ಮುಂದೆ ಕರೆದು, ಅವತ್ತು ಜನರನ್ನು ಆ ಕಡೆ ತಿರುಗಿಸಿದ್ದು ಯಾಕೆ, ಕೂಸು ನಗುತ್ತಿರಲಿಲ್ಲವಲ್ಲ ಎಂದು ಕೇಳಿದರು. ಬಸಲಿಂಗಪ್ಪ ಕೈ ಮುಗಿದು ನಿಂತ.

“ನಂದ ತಪ್ಪಾತ್ರಿ,” ಅಂದ. “ಖೋಲಿ ಬಿಡ್ತೀವಿ.”

ತಪ್ಪು ಒಪ್ಪಿಕೊಂಡರೆ ಸಾಲದು, ಕಾರಣ ಹೇಳಬೇಕು ಎಂದರು ಮೇಷ್ಟ್ರು. ಮುದುಕ ತಲೆ ಆಡಿಸಿದ. ಭರಮಪ್ಪ ಹತ್ತಿರ ಬಂದು, ಒಂದು ಮಾತಿಗೆ ಮನೆ ಹೋಗುತ್ತಿದೆ, ಏನಿದ್ದರೂ ಹೇಳಿಬಿಡು ಎಂದು ಅಂಗಲಾಚಿದ. ಪಾಪಯ್ಯ ಸ್ವಲ್ಪ ಗದರಿ ನೋಡಿದರು. ಚನ್ನಕ್ಕ ಕಣ್ಣೊರೆಸಿಕೊಂಡಳು.

“ಅದನ್ನ ನಾಕ ಮಂದಿ ಮುಂದ ಹೇಳಾಂಗಿಲ್ರಿ,” ಅಂದ ಬಸಲಿಂಗಪ್ಪ. “ಶೆಡ್ಡಿನ್ಯಾಗ ಇರ್ತೀವಿ, ಏನ ಆಗೂದಿಲ್ಲ.”

ಹಾಗೆ ಹೇಳುವಾಗ ಅವನ ಕಣ್ಣು ಒಂದು ಗಳಿಗೆ ಶ್ಯಾಮಣ್ಣನವರ ಬಲಗಾಲಿನ ಶೂ ಮೇಲೆ ಹೋಗಿ, ಅಲ್ಲಿ ಇರಬಾರದಿತ್ತು ಎಂಬಂತೆ ಬೇಗ ಬೇರೆ ಕಡೆ ಹೊರಳಿತು. ನಮಗೆ ಯಾರಿಗೂ ಅದರ ಅರ್ಥವಾಗಲಿಲ್ಲ. ಶ್ಯಾಮಣ್ಣನವರಿಗೆ ಆಯಿತು. ಅವರು ಮೇಷ್ಟ್ರ ಮುಖ ನೋಡಿದರು, ತೊಟ್ಟಿಲಲ್ಲಿದ್ದ ಸ್ಟವ್ ನೋಡಿದರು, ಚನ್ನಕ್ಕನ ಹೆಗಲ ಮೇಲೆ ಸೆಖೆಗೆ ಕೆಂಪಾಗಿದ್ದ ಕೂಸನ್ನು ನೋಡಿದರು. ಎಣ್ಣೆ ಮೆತ್ತಿದ ಮುಖದಲ್ಲಿ ಅವರಿಗೆ ಅಳು ಬರುವಂತಾದದ್ದು ಚೆನ್ನಾಗಿ ಕಾಣುತ್ತಿತ್ತು.

“ಅವನೇನೂ ಹೇಳೋದು ಬ್ಯಾಡ,” ಅಂದರು. “ನನ್ ಕಾಲುಚೀಲ ತೂತಾಗಿತ್ತು. ಹೆಬ್ಬೆಟ್ಟು ಆಚೆ ಬಂದಿತ್ತು. ಅವನೊಬ್ಬ ನೋಡ್ದ. ಬೇರೆ ಯಾರೂ ನೋಡಬಾರದು ಅಂತ ನಿಮ್ಮನ್ನೆಲ್ಲ ಆ ಕಡೆ ತಿರುಗಿಸ್ದ.”

ಇಷ್ಟಕ್ಕೆ ಠಾಣೆ, ಎಣ್ಣೆ, ಸೇಬು, ಹಾರ್ಲಿಕ್ಸ್ ಎಲ್ಲ ಆಯಿತೇ ಎಂದು ಪ್ರತಿಯೊಬ್ಬರೂ ತಮ್ಮೊಳಗೆ ಲೆಕ್ಕ ಹಾಕುತ್ತಿದ್ದರು. ಪಾಪಯ್ಯ ಮಾತ್ರ ಮೆಲ್ಲಗೆ ತಮ್ಮ ಬೂಟನ್ನು ಕುರ್ಚಿಯ ಕೆಳಗೆ ಸರಿಸಿಕೊಂಡರು.

“ಯುಗಾದಿಯಿಂದ ಬಡ್ಕೋತಿದೀನಿ, ಎಸೀರಿ ಅಂತ,” ಅಂದರು ನಾಗಲಕ್ಷ್ಮಮ್ಮ.

ಪಂಚಾಕ್ಷರಿ ಮೇಷ್ಟ್ರಿಗೆ ಎಲ್ಲಿ ಸುಮ್ಮನಿರಬೇಕೆಂಬುದು ಯಾವತ್ತೂ ತಿಳಿಯದು. ಅವರು ಗಂಟಲು ಸರಿ ಮಾಡಿಕೊಂಡು, ಈಗ ನಾಲ್ಕು ಜನ ಕಿವಿಯಾರೆ ಕೇಳಿರುವುದರಿಂದ ಇದನ್ನು ಮುಖಭಂಗ ಎನ್ನಲು ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟರು. ಇಷ್ಟು ದಿನ ಆ ಮಾತಿಗಾಗಿ ಊರೆಲ್ಲ ತಿರುಗಿದ್ದ ಶ್ಯಾಮಣ್ಣ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರು ಬಸಲಿಂಗಪ್ಪನ ಹತ್ತಿರ ಹೋಗಿ ನಿಂತಿದ್ದರು.

“ಮೂಟೆ ಒಳಗಿಡಿ,” ಅಂದರು. ಆಮೇಲೆ ಸ್ವಲ್ಪ ತಡೆದು, “ಅವತ್ತು ಕಾಲಿಗೆ ನೀರು ಕೊಟ್ಟಿದ್ರಿ. ನಾನು ತಗೊಳ್ನಿಲ್ಲ.”

ಬಸಲಿಂಗಪ್ಪ ಸೊಸೆಯ ಕಡೆ ನೋಡಿದ. ಚನ್ನಕ್ಕ ಕೂಸನ್ನು ಗಂಡನ ಕೈಗೆ ಕೊಟ್ಟು, ತೊಟ್ಟಿಲಿನಿಂದ ತಂಬಿಗೆ ಎಳೆದು ತೊಳೆದು ತುಂಬಿಸಿಕೊಂಡು ಬಂದಳು. ಮೇಷ್ಟ್ರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಶ್ಯಾಮಣ್ಣ ಕೂತು ಲೇಸಿಗೆ ಕೈ ಹಾಕಿದರು. ಬಲಗಾಲಿನ ಸ್ಥಿತಿ ಅವರಿಗೆ ಗೊತ್ತಿತ್ತು, ಆದ್ದರಿಂದ ಮೊದಲು ಎಡಗಾಲಿನ ಶೂ ಎಳೆದರು. ಎಡಗಾಲಿನದು ಚೆನ್ನಾಗಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಹಿಮ್ಮಡಿ ಪೂರ್ತಿ ಹೊರಗಿತ್ತು, ಜೊತೆಗೆ ಎರಡು ಬೆರಳು.

ಈ ಸಲ ಯಾರೂ ಕೂಗಲಿಲ್ಲ. ಬಸಲಿಂಗಪ್ಪ ಮೊದಲು ತಿರುಗಿದನೋ, ನಾಗಲಕ್ಷ್ಮಮ್ಮ ಮೊದಲು ತಿರುಗಿದರೋ ನನಗೆ ಗೊತ್ತಿಲ್ಲ. ನೋಡುವಷ್ಟರಲ್ಲಿ ಅಂಗಳದಲ್ಲಿದ್ದವರೆಲ್ಲ ಶ್ಯಾಮಣ್ಣನವರಿಗೆ ಬೆನ್ನು ಮಾಡಿ, ತೊಟ್ಟಿಲ ಸುತ್ತ ಒತ್ತಾಗಿ ನಿಂತಿದ್ದೆವು. ಕೂಸನ್ನೆತ್ತಿಕೊಂಡಿದ್ದ ಭರಮಪ್ಪನೂ ನಮ್ಮೊಂದಿಗೆ ಬಗ್ಗಿ ತೊಟ್ಟಿಲನ್ನೇ ನೋಡುತ್ತಿದ್ದ. ಒಳಗೆ ಸ್ಟವ್ವು ಮಲಗಿತ್ತು. ಪಕ್ಕದಲ್ಲಿ ರೊಟ್ಟಿ ಹಂಚು.

“ಒಳ್ಳೇ ಲಕ್ಷಣವಾಗಿದೆ,” ಅಂದರು ಪಾಪಯ್ಯ.

“ಅಜ್ಜನ ಹಾಗೇ,” ಅಂದರು ಮೇಷ್ಟ್ರು.

ಭಾಗ್ಯಮ್ಮ ಬಗ್ಗಿ ಸ್ಟವ್ವಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದರು. ನಮ್ಮ ಬೆನ್ನ ಹಿಂದೆ ನೀರು ಸುರಿಯುವ ಸದ್ದು, ಆಮೇಲೆ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು. ಒಂದು ತಂಬಿಗೆ ನೀರಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಆದರೂ ಶ್ಯಾಮಣ್ಣ ಎದ್ದು ಕೆಮ್ಮುವವರೆಗೆ ನಾವು ಯಾರೂ ಆ ಸ್ಟವ್ವಿನ ಮೇಲಿಂದ ಕಣ್ಣು ತೆಗೆಯಲಿಲ್ಲ.